ಗ್ರಂಥಪ್ರರೋಚನೆಯೂ ವಾಚಕರ ಕುತೂಹಲವೂ

ಕಾದಂಬರಿಯೊಂದು ಅಚ್ಚಿನ ಮನೆಯಿಂದ ಹೊರಬೀಳುವುದಕ್ಕೆ ಮುಂಚೆಯೇ ಅದರ ಸಲುವಾಗಿ ಒಂದೆರಡು ನಿಮಿಷಗಳ ಚಲಚ್ಚಿತ್ರವನ್ನು ತಯಾರಿಸಿ ಜನರ ಮುಂದಿಡುವ ಪದ್ಧತಿಯು ಈಚಿನ ಹದಿನೈದು ವರ್ಷಗಳಲ್ಲಿ ನಮ್ಮ ದೇಶದಲ್ಲಿ ರೂಢಿಗೆ ಬಂದಿರುತ್ತದೆ. ಸಿನಿಮಾದವರಿಂದ ಹೆಸರನ್ನೂ ಎರವಲು ತಂದು ಇದನ್ನು ಟ್ರೇಲರು ಎನ್ನುತ್ತಾರೆ. ೨೦೧೦ನೆಯ ಇಸವಿಯಲ್ಲಿ ಅಮೀಶ್ ತ್ರಿಪಾಠಿಯವರು ಶಿವನನ್ನು ಕಥಾನಾಯಕನನ್ನಾಗಿ ಮಾಡಿ ಬರೆದ 'ದಿ ಇಮ್ಮಾರ್ಟಲ್ಸ್ ಆಫ್ ಮೆಲೂಹ' ಎಂಬ ಇಂಗ್ಲಿಷ್ ಕಾದಂಬರಿಯು ಬಂದಾಗ, ಅದರ ಮೊದಲ ಅಧ್ಯಾಯವನ್ನು ಬಿಡಿಯಾಗಿ ಅಚ್ಚುಹಾಕಿಸಿ ಪುಕ್ಕಟೆಯಾಗಿ ಹಂಚಿದ್ದಲ್ಲದೆ, ಸಂಗೀತಸಹಿತವಾದ ಚಲಚ್ಚಿತ್ರವೊಂದನ್ನೂ ಮಾಡಿಸಿ ಬಿಟ್ಟಿದ್ದರು. ಪುಸ್ತಕವು ಲಕ್ಷಗಟ್ಟಲೆ ಖರ್ಚಾಯಿತು. ಅಂದಿನಿಂದ ಈ ಕ್ರಮಕ್ಕೆ ಒಂದು ಮರ್ಯಾದೆ ಬಂದಿತು. ಕನ್ನಡದ ಲೇಖಕರೂ ಪ್ರಕಾಶಕರೂ ಯಥಾಶಕ್ತಿ ಅದೇ ದಾರಿಯನ್ನು ಹಿಡಿದಿದ್ದಾರೆ.

ಬೆಂಗಳೂರಿನ ದಕ್ಷಿಣಭಾಗದಲ್ಲಿ, ಅಂದರೆ ಬಸವನಗುಡಿ, ಜಯನಗರ, ಬನಶಂಕರಿ, ಜೆ.ಪಿ.ನಗರ ಮೊದಲಾದ ಬಡಾವಣೆಗಳಲ್ಲಿ, ಓದುವ ಮನೆತನಗಳು ಇನ್ನೂ ಬೇಕಾದಷ್ಟಿವೆ. ಅಲ್ಲಿಯ ತರುಣರು ಮೆಟ್ರೋ ಗಾಡಿಯಲ್ಲಿ ನಿಂತುಕೊಂಡೇ ಅಂಗೈಯಗಲದ ಮೊಬೈಲಿನಲ್ಲಿ ಇಂತಹ ಚಿತ್ರಗಳನ್ನು ನೋಡುತ್ತಾರೆ. ನೋಡಿದೊಡನೆ ತಮ್ಮ ಅಭಿಪ್ರಾಯವನ್ನೂ ಹೇಳಿಬಿಡುತ್ತಾರೆ. ಅದರಲ್ಲಿಯೂ ಕಾದಂಬರಿಯು ವೈಜ್ಞಾನಿಕ ಕಲ್ಪನೆಯದಾಗಿದ್ದು, ಆಕಾಶನೌಕೆಯೋ ಅನ್ಯಗ್ರಹದವರೋ ಅದರಲ್ಲಿ ಬಂದರಂತೂ ಚರ್ಚೆಯು ಬೇಗನೆ ಕಾವೇರುತ್ತದೆ. ಒಬ್ಬನಿಗೆ ಆ ನೌಕೆಯ ಆಕಾರವು ಹಿಂದೊಮ್ಮೆ ನೋಡಿದ ಇಂಗ್ಲಿಷ್ ಸಿನಿಮಾದ ನಕಲಿನಂತೆ ತೋರುತ್ತದೆ. ಮತ್ತೊಬ್ಬನು, ಗಾಳಿಯಿಲ್ಲದ ಬಯಲಿನಲ್ಲಿ ಸ್ಫೋಟದ ಸದ್ದು ಕೇಳಿಸಿದ್ದು ಹೇಗೆಂದು ಆಕ್ಷೇಪಿಸುತ್ತಾನೆ. ಕನ್ನಡದಲ್ಲಿ ಇಷ್ಟಾದರೂ ಬಂದಿತಲ್ಲ ಎಂದು ಸಂತೋಷಪಡುವವರೂ ಉಂಟು. ಇಷ್ಟೆಲ್ಲ ನಡೆಯುವಾಗ ಗ್ರಂಥದ ಒಂದು ಪುಟವನ್ನಾದರೂ ಇವರಲ್ಲಿ ಯಾರೂ ಕಂಡಿರುವುದಿಲ್ಲ.

ಹಿರಿಯರು ಇದನ್ನು ಕಂಡು, ಓದದೆಯೇ ತೀರ್ಪು ಕೊಡುವ ದುರಭ್ಯಾಸವು ಈ ಕಾಲದ ಹುಡುಗರಿಗೆ ಅಂಟಿದ ಹೊಸ ರೋಗವೆಂದು ಬೇಸರಪಡುವುದುಂಟು. ಬೇಸರವು ಸಹಜವಾದರೂ, ಹೊಸದೆಂಬ ಮಾತು ಸರಿಯಲ್ಲ. ನಮ್ಮ ಸಾಹಿತ್ಯದಲ್ಲಿ ಈ ವಿಷಯಕ್ಕೆ ದೀರ್ಘವಾದ ಪೂರ್ವವೃತ್ತಾಂತವಿದೆ.

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಭಾರತೀವೃತ್ತಿಗೆ ನಾಲ್ಕು ಅಂಗಗಳನ್ನು ಹೇಳಿದ್ದಾನೆ. ಪ್ರರೋಚನೆ, ಆಮುಖ, ವೀಥಿ, ಪ್ರಹಸನ ಎಂಬಿವುಗಳಲ್ಲಿ ಮೊದಲನೆಯದು ಪ್ರಕೃತ ವಿಷಯಕ್ಕೆ ಸಂಬಂಧಿಸಿದುದು. ನಾಟಕವು ಮೊದಲಾಗುವ ಮುನ್ನ ಸೂತ್ರಧಾರನು ರಂಗಕ್ಕೆ ಬಂದು ಕವಿಯ ಹೆಸರನ್ನೂ ಕೃತಿಯ ಹೆಸರನ್ನೂ ಹೇಳಿ, ಅವೆರಡನ್ನೂ ಹೊಗಳಿ, ಸಭಿಕರ ಮನಸ್ಸನ್ನು ತನ್ನತ್ತ ಸೆಳೆದುಕೊಳ್ಳಬೇಕು. ರುಚಿಯನ್ನು ಹುಟ್ಟಿಸುವುದರಿಂದ ಅದಕ್ಕೆ ಪ್ರರೋಚನೆಯೆಂದು ಹೆಸರಾಯಿತು. ಇದು ಶಾಸ್ತ್ರವಿಹಿತವಾದ ಜಾಹೀರಾತು ಎಂದರೆ ಪಂಡಿತರು ಕೋಪಿಸಿಕೊಳ್ಳಬಾರದು. ಕವಿಯೂ ಹೊಟ್ಟೆಪಾಡಿನ ಮನುಷ್ಯನೇ. ನಟವರ್ಗದವರಿಗಂತೂ ಸಭೆಯು ಕದಲದೆ ಕುಳಿತರೆ ಮಾತ್ರ ಜೀವನ.

ಆ ಪ್ರರೋಚನೆಯನ್ನು ಕೇಳಿದವರು ಸುಮ್ಮನೆ ತಲೆಯಾಡಿಸುತ್ತಿದ್ದರೆ? ಕಾಳಿದಾಸನ 'ಮಾಲವಿಕಾಗ್ನಿಮಿತ್ರ'ದ ಪ್ರಸ್ತಾವನೆಯನ್ನು ನೋಡಿದರೆ ಹಾಗೆ ತೋರುವುದಿಲ್ಲ. ವಸಂತೋತ್ಸವದಲ್ಲಿ ಕಾಳಿದಾಸನ ಹೊಸ ನಾಟಕವನ್ನು ಆಡಬೇಕೆಂದು ಸೂತ್ರಧಾರನು ಹೇಳಿದೊಡನೆ ಪಾರಿಪಾರ್ಶ್ವಿಕನು ಅಡ್ಡಬರುತ್ತಾನೆ. ಭಾಸ, ಸೌಮಿಲ್ಲ, ಕವಿಪುತ್ರರೇ ಮೊದಲಾದ ಪ್ರಖ್ಯಾತರ ಪ್ರಬಂಧಗಳಿರುವಾಗ ಅವನ್ನು ಬಿಟ್ಟು, ಈಗಿನ ಕವಿಯಾದ ಈ ಕಾಳಿದಾಸನ ಕೃತಿಯ ಮೇಲೆ ಸಭೆಗೆ ಇಷ್ಟು ಆದರವೇಕೆ ಎಂಬುದು ಅವನ ಪ್ರಶ್ನೆ. ನಾಟಕದ ಒಂದು ಮಾತನ್ನೂ ಅವನು ವಿಮರ್ಶಿಸಿಲ್ಲ. ಕವಿಯ ಹೆಸರು ಕಿವಿಗೆ ಬಿದ್ದದ್ದಷ್ಟೇ; ಹೋಲಿಕೆ ಸಿದ್ಧವಾಯಿತು, ಹಳಬರೇ ಮೇಲೆಂಬ ತೀರ್ಪೂ ಆಯಿತು. ಹಳೆಯದೆಂಬ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ, ಹೊಸದೆಂಬ ಮಾತ್ರಕ್ಕೆ ಕಾವ್ಯವು ನಿಂದ್ಯವೂ ಅಲ್ಲ ಎಂಬ ಅರ್ಥದ ಸಮಾಧಾನವನ್ನು ಸೂತ್ರಧಾರನ ಬಾಯಲ್ಲಿ ಕಾಳಿದಾಸನು ಹೇಳಿಸಿರುವುದು ಪಾಠಶಾಲೆಯ ಮಕ್ಕಳಿಗೂ ತಿಳಿದ ಸಂಗತಿ. ಆ ಸಮಾಧಾನದ ಕೀರ್ತಿಯಲ್ಲಿ ಪಾರಿಪಾರ್ಶ್ವಿಕನ ಆಕ್ಷೇಪವು ಮರೆಯಾಗಿದೆ. ಆದರೆ ಚರಿತ್ರೆಗೆ ಬೇಕಾದವನು ಅವನೇ. ಟ್ರೇಲರನ್ನು ನೋಡಿ, ಇದು ಹಿಂದಿನವರದರಷ್ಟು ಚೆನ್ನಾಗಿಲ್ಲ ಎಂದು ಜಯನಗರದ ಹುಡುಗನು ಹೇಳಿದರೆ, ಅವನ ಕುಲದ ಮೂಲಪುರುಷನನ್ನು ಅಲ್ಲಿ ಹುಡುಕಬಹುದು.

ಒಂದು ವ್ಯತ್ಯಾಸವನ್ನು ಮಾತ್ರ ಇಲ್ಲಿಯೇ ಗುರುತಿಸಿಕೊಳ್ಳಬೇಕು. ಸೂತ್ರಧಾರನು ಕವಿಯನ್ನು ಹೊಗಳುವನು, ಕಥೆಯನ್ನು ಹೆಸರಿಸುವನು. ಮಾಲವಿಕೆಯನ್ನು ಕರೆತಂದು ನಿಲ್ಲಿಸುವುದಿಲ್ಲ. ಅವಳ ನೃತ್ಯವನ್ನು ಅಗ್ನಿಮಿತ್ರನೂ ಸಭಿಕರೂ ಕಾಣುವುದು ಎರಡನೆಯ ಅಂಕದಲ್ಲಿ. ಕರಾವಳಿಯ ಯಕ್ಷಗಾನದ ಮೇಳದವರು ಸಂಜೆಯಲ್ಲಿ ಚೆಂಡೆಯನ್ನು ನುಡಿಸಿ ಕೇಳಿ ಹೊಡೆಯುತ್ತಿದ್ದುದೂ ಹೀಗೆಯೇ. ಆ ಸದ್ದು ಗದ್ದೆ ತೋಟಗಳನ್ನು ದಾಟಿ ದೂರದ ಮನೆಗಳಿಗೆ ಮುಟ್ಟಿ, ಇಂದು ಆಟವುಂಟೆಂಬ ಸುದ್ದಿಯನ್ನು ಸಾರುತ್ತಿತ್ತು. ಬಣ್ಣದ ವೇಷವನ್ನು ಕಾಣಬೇಕಾದರೆ ದೊಂದಿ ಹಿಡಿದುಕೊಂಡು ಬಯಲಿಗೆ ಬರಲೇಬೇಕು.

ಅಚ್ಚಿನ ಯಂತ್ರವು ಬಂದ ಮೇಲೆ ಗ್ರಂಥಕರ್ತನೇ ಸೂತ್ರಧಾರನೂ ಆಗಬೇಕಾಯಿತು. ಕನ್ನಡ ಕಾದಂಬರಿಯ ಆರಂಭದ ದಿನಗಳಲ್ಲಿ ಓದುವವರು ಸ್ವಲ್ಪ, ಕೊಳ್ಳುವವರು ಇನ್ನೂ ಸ್ವಲ್ಪ. ಈ ಕಷ್ಟವನ್ನು ಗಳಗನಾಥರಷ್ಟು ಮೈಮೇಲೆ ಹೊತ್ತವರು ಬೇರೊಬ್ಬರಿಲ್ಲ. ೧೮೬೯ರಲ್ಲಿ ಹುಟ್ಟಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಶಾಲಾಮಾಸ್ತರರಾಗಿದ್ದವರು. ತಮ್ಮ ಹುಟ್ಟೂರಿನ ಹೆಸರನ್ನೇ ಕಾವ್ಯನಾಮವಾಗಿ ಇಟ್ಟುಕೊಂಡವರು. ಅಗಡಿಯ ಆನಂದವನದಿಂದ ೧೯೦೭ರಲ್ಲಿ ಹೊರಟ 'ಸದ್ಬೋಧ ಚಂದ್ರಿಕೆ'ಯಲ್ಲಿ ಅವರ ಕಾದಂಬರಿಗಳು ತಿಂಗಳು ತಿಂಗಳೂ ಬಂದು ಮನೆಮನೆಗಳಲ್ಲಿ ಓದಿನ ಹಸಿವನ್ನು ಹುಟ್ಟಿಸಿದವು. ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರಿಂದೂರಿಗೆ ನಡೆದು ಮಾರಿದ ಅವರ ಕಥೆಯನ್ನು ಉತ್ತರ ಕರ್ಣಾಟಕದಲ್ಲಿ ಇಂದಿಗೂ ಹೇಳುತ್ತಾರೆ. ಅಂಥವರ ಗ್ರಂಥಕ್ಕೆ ಬೇರೆ ಪ್ರಚಾರವು ಯಾತಕ್ಕೆ? ಜಗಲಿಯ ಮೇಲೆ ಬಂದು ಕುಳಿತ ಆ ಧೂಳುಗಾಲಿನ ಮನುಷ್ಯನೇ ಅದರ ಪ್ರರೋಚನೆ. ಮನೆಯವರು ನೀರು ಬೆಲ್ಲ ಕೊಟ್ಟು, ಕಥೆಯೇನೆಂದು ವಿಚಾರಿಸಿ, ಮನಸ್ಸು ಬಂದರೆ ಕಾಸು ಬಿಚ್ಚಬಹುದಾಗಿತ್ತು. ವಾಚಕನ ಪ್ರತಿಕ್ರಿಯೆಯು ಲೇಖಕನ ಮುಖದೆದುರಿಗೇ ನಡೆಯುವ ವ್ಯವಹಾರವಾಗಿತ್ತು. ಬಯ್ಯಬೇಕಾದರೂ ಅತಿಥಿಯ ಮುಂದೆ ಬಯ್ಯಬೇಕು; ಅದು ಅಷ್ಟು ಸುಲಭವಲ್ಲ.

ವಿಜ್ಞಾನಕ್ಕೆ ಆಗ ಇಷ್ಟು ಭಾಗ್ಯವೂ ಇರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ, ಮೊದಲನೆಯ ಮಹಾಯುದ್ಧದ ಕಡೆಯ ವರ್ಷಗಳಲ್ಲಿ 'ವಿಜ್ಞಾನ'ವೆಂಬ ಮಾಸಪತ್ರಿಕೆಯನ್ನು ನಡೆಸಿದರು. ಕನ್ನಡದಲ್ಲಿ ವಿಜ್ಞಾನಕ್ಕಾಗಿಯೇ ಮೀಸಲಾದ ಪತ್ರಿಕೆಗಳಲ್ಲಿ ಅದೇ ಮೊದಲನೆಯದು. ಎರಡು ವರ್ಷಗಳಲ್ಲಿಯೇ ಅದು ನಿಂತುಹೋಯಿತು. ಪದಗಳನ್ನು ಹುಡುಕಿ, ಹೊಸದಾಗಿ ಕಟ್ಟಿ, ಶಾಸ್ತ್ರವಿಷಯಗಳನ್ನು ತಿಳಿಗನ್ನಡದಲ್ಲಿ ಹೇಳಿದ ಆ ಸಂಚಿಕೆಗಳನ್ನು ಈಗ ನೋಡಿದವರಿಗೆ, ಸರಕಿನಲ್ಲಿ ಕೊರತೆಯಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ. ಒಳ್ಳೆಯದನ್ನು ಬರೆದಿಟ್ಟರೆ ಸಾಕು, ಓದುವವರು ತಾವಾಗಿ ಬರುತ್ತಾರೆ ಎಂದು ಪ್ರಚಾರವನ್ನು ಹಳಿಯುವ ಮಹನೀಯರು ಈ ಪತ್ರಿಕೆಯ ಆಯುಷ್ಯವನ್ನು ಜ್ಞಾಪಕದಲ್ಲಿಡುವುದು ಒಳ್ಳೆಯದು.

ಇತ್ತ ೧೯೩೩ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿ ಬೇರೊಂದು ಉಪಾಯವನ್ನು ಕಂಡರು. ಚಂದಾದಾರರು ಮುಂಗಡವಾಗಿ ಹಣ ಕಟ್ಟಬೇಕು. ಮಾಲೆಯವರು ಆರಿಸಿದ ಪುಸ್ತಕಗಳು ಅವರ ಮನೆಗೆ ಬರುತ್ತವೆ. ಗ್ರಂಥದ ಹೆಸರೇ ತಿಳಿಯದ ಮುಂಚೆ ಅದಕ್ಕೆ ಬೆಲೆ ಕೊಡುವಷ್ಟು ನಂಬಿಕೆಯು ಸಂಪಾದಕರ ಅಭಿರುಚಿಯ ಮೇಲೆ ಇದ್ದಿತೆಂಬುದು ಇಂದಿನವರಿಗೆ ಆಶ್ಚರ್ಯವಾಗಬಹುದು. ಆಮೇಲೆ ವಾರಪತ್ರಿಕೆಗಳ ಕಾಲ ಬಂದಿತು. ೧೯೬೫ರಲ್ಲಿ ಪ್ರಾರಂಭವಾದ 'ಸುಧಾ' ಮೊದಲಾದವುಗಳಲ್ಲಿ ಧಾರಾವಾಹಿಯು ಇನ್ನು ಕೆಲವು ವಾರಗಳಲ್ಲಿ ಬರಲಿದೆಯೆಂಬ ಪ್ರಕಟಣೆಯೇ ಒಂದು ಸಮಾಚಾರವಾಗುತ್ತಿತ್ತು. ಬಸವನಗುಡಿಯ ಕಡೆಯ ವಠಾರಗಳಲ್ಲಿ ಒಂದೇ ಪ್ರತಿಯು ನಾಲ್ಕು ಮನೆಗಳನ್ನು ಸುತ್ತುತ್ತಿತ್ತು. ಮೊದಲು ಓದಿದವರು ಮುಂದಿನದನ್ನು ಬಾಯಿಬಿಡಬಾರದೆಂಬ ಕಟ್ಟುಪಾಡೂ ಇತ್ತು. ೧೯೫೬ರಿಂದ ಹುಬ್ಬಳ್ಳಿಯ 'ಕಸ್ತೂರಿ'ಯು ತನ್ನ ಪುಸ್ತಕ ವಿಭಾಗದಲ್ಲಿ ಲೋಕದ ನಾನಾ ಗ್ರಂಥಗಳ ಸಂಗ್ರಹವನ್ನು ಕೊಡುತ್ತ ಬಂದು, ಇಂಗ್ಲಿಷ್ ಬಾರದ ಮನೆಗಳಿಗೂ ಹೊರಜಗತ್ತಿನ ಕಥೆಗಳ ಪರಿಚಯ ಮಾಡಿಕೊಟ್ಟಿತು.

ಇನ್ನು ವೈಜ್ಞಾನಿಕ ಕಥೆಗೂ ಜಾಹೀರಾತಿಗೂ ಇರುವ ನೆಂಟಸ್ತನವು ವಿನೋದಕರವಾದುದು. ಭಾರತೀಯ ಭಾಷೆಗಳಲ್ಲಿ ಈ ಜಾತಿಯ ಕಥೆಗಳ ಪೈಕಿ ಬಹು ಮುಂಚಿನದೊಂದನ್ನು ಬರೆದವರು ಜಗದೀಶಚಂದ್ರ ಬೋಸರು. ೧೮೯೬ರಲ್ಲಿ ಕಲ್ಕತ್ತೆಯ 'ಕುಂತಲೀನ' ಎಂಬ ತಲೆಯೆಣ್ಣೆಯ ವ್ಯಾಪಾರಿಯು ಕಥಾಸ್ಪರ್ಧೆಯೊಂದನ್ನು ಏರ್ಪಡಿಸಿದನು. ಕಥೆಯು ಹೇಗಾದರೂ ಇರಲಿ, ಎಣ್ಣೆಯ ಪ್ರಸ್ತಾಪವು ಅದರೊಳಗೆ ಬರಬೇಕು. ಬೋಸರು ಬರೆದ ಕಥೆಯಲ್ಲಿ ಸಮುದ್ರದ ಮೇಲಿನ ಚಂಡಮಾರುತವು ಒಂದು ಸೀಸೆ ತಲೆಯೆಣ್ಣೆಯನ್ನು ಸುರಿದುದರಿಂದ ಅಡಗಿಹೋಗುತ್ತದೆ! ನೀರಿನ ಮೇಲೆ ಎಣ್ಣೆಯು ಹರಡಿದರೆ ಅಲೆಗಳು ತಗ್ಗುವುದೆಂಬ ಭೌತಶಾಸ್ತ್ರದ ತತ್ತ್ವವನ್ನೇ ಹಾಸ್ಯವಾಗಿ ಹಿಗ್ಗಿಸಿದ ಆ ಕಥೆಗೆ ಬಹುಮಾನವೂ ಬಂದಿತು. ಇಂದು ಕಾದಂಬರಿಗೆ ಜಾಹೀರಾತು ಬೇಕಾಗಿದೆ. ಅಂದು ಕಥೆಯೇ ಎಣ್ಣೆಯ ಜಾಹೀರಾತಾಗಿತ್ತು. ಎಣ್ಣೆಯನ್ನು ಈಗ ಜನರು ಮರೆತಿದ್ದಾರೆ, ಕಥೆಯನ್ನು ಮರೆತಿಲ್ಲ.

ಅಮೆರಿಕದಲ್ಲಿ ೧೯೨೬ರ ಏಪ್ರಿಲಿನಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬಾತನು 'ಅಮೇಜಿಂಗ್ ಸ್ಟೋರೀಸ್' ಎಂಬ ಪತ್ರಿಕೆಯನ್ನು ಹೊರಡಿಸಿದಾಗ ಮತ್ತೊಂದು ಸಂಗತಿ ನಡೆಯಿತು. ಫ್ರಾಂಕ್ ಪಾಲ್ ಎಂಬ ಚಿತ್ರಕಾರನು ಕಣ್ಣು ಕುಕ್ಕುವ ಬಣ್ಣಗಳಲ್ಲಿ ಯಂತ್ರಗಳನ್ನೂ ಅನ್ಯಲೋಕಗಳನ್ನೂ ಅದರ ರಕ್ಷಾಪತ್ರದ ಮೇಲೆ ಬರೆಯುತ್ತಿದ್ದನು. ಅಂಗಡಿಯ ಮುಂದೆ ನಡೆದುಹೋಗುವವನ ಕಣ್ಣನ್ನು ಹಿಡಿಯುವುದಕ್ಕೆ ಅದೇ ಆ ಕಾಲದ ಟ್ರೇಲರು. ವಾಚಕರು ಈ ಚಿತ್ರಗಳ ವಿಷಯವಾಗಿ ಪರವಾಗಿಯೂ ವಿರುದ್ಧವಾಗಿಯೂ ಪತ್ರಗಳನ್ನು ಬರೆಯತೊಡಗಿದರು; ಒಳಗಿನ ಕಥೆಗಳ ಗಾಂಭೀರ್ಯಕ್ಕೆ ಹೊರಗಿನ ಬಣ್ಣವು ತಕ್ಕುದಲ್ಲವೆಂದು ಕೆಲವರು ದೂರಿದರು. ಗರ್ನ್ಸ್‌ಬ್ಯಾಕನು ಆ ಪತ್ರಗಳನ್ನು ಬರೆದವರ ವಿಳಾಸಸಹಿತವಾಗಿ ಅಚ್ಚುಮಾಡಿದನು. ವಿಳಾಸಗಳು ದೊರೆತುದರಿಂದ ವಾಚಕರು ಒಬ್ಬರಿಗೊಬ್ಬರು ಬರೆದುಕೊಂಡರು, ಸಂಧಿಸಿದರು, ಸಂಘಗಳನ್ನು ಕಟ್ಟಿದರು. ಈ ಪ್ರಕಾರದ ಕಥೆಗಳಿಗೆ ಮಾತ್ರ ವಿಶಿಷ್ಟವಾದ ಅಭಿಮಾನಿವರ್ಗವು ಹುಟ್ಟಿದುದು ಹೀಗೆ. ಚಿತ್ರದ ಮೇಲಿನ ಜಗಳವೇ ಅವರನ್ನು ಒಂದುಗೂಡಿಸಿದ ಕಾರಣಗಳಲ್ಲಿ ಒಂದೆಂಬುದನ್ನು ಗಮನಿಸಿದರೆ, ಈಗಿನ ತರುಣರ ಗದ್ದಲವನ್ನು ಅಷ್ಟು ಹಗುರವಾಗಿ ಕಾಣಲಾಗುವುದಿಲ್ಲ.

ಚಿತ್ರದ ಬಲವು ಎಷ್ಟೆಂಬುದಕ್ಕೆ ಬೆಂಗಳೂರಿನ ನೆರೆಯಲ್ಲಿಯೇ ಒಂದು ಉದಾಹರಣೆಯುಂಟು. ಹನ್ನೊಂದನೆಯ ಶತಮಾನದ ಭೋಜರಾಜನು 'ಸಮರಾಂಗಣಸೂತ್ರಧಾರ'ದ ಯಂತ್ರಾಧ್ಯಾಯದಲ್ಲಿ ಪಾದರಸದಿಂದ ಹಾರುವ ಮರದ ಹಕ್ಕಿಯನ್ನು ವರ್ಣಿಸಿದ್ದಾನೆ. ವಿವರವಾಗಿ ಮಾಡುವ ಕ್ರಮವನ್ನು ತಾನು ಹೇಳದಿರುವುದು ಗೋಪ್ಯಕ್ಕಾಗಿಯೇ ಹೊರತು ಅಜ್ಞಾನದಿಂದಲ್ಲವೆಂಬ ಜಾಣತನದ ಮಾತನ್ನೂ ಸೇರಿಸಿದ್ದಾನೆ. ಅವನ ಮರದ ಹಕ್ಕಿಯು ಪಂಡಿತರ ಗ್ರಂಥಗಳೊಳಗೇ ಉಳಿಯಿತು. ಆದರೆ ಆನೇಕಲ್ಲಿನ ಪಂಡಿತ ಸುಬ್ಬರಾಯಶಾಸ್ತ್ರಿಗಳು ೧೯೧೮ರಿಂದ ೧೯೨೩ರವರೆಗೆ ಹೇಳಿ ಬರೆಯಿಸಿದ 'ವೈಮಾನಿಕ ಶಾಸ್ತ್ರ'ದ ಗತಿ ಬೇರೆಯಾಯಿತು. ಎಲ್ಲಪ್ಪನೆಂಬ ನಕ್ಷೆಗಾರರು ಅದಕ್ಕೆ ಅಂತಸ್ತು ಅಂತಸ್ತಾಗಿ ವಿಮಾನಗಳ ನಕ್ಷೆಗಳನ್ನು ಬರೆದುಕೊಟ್ಟರು. ಆ ಶ್ಲೋಕಗಳನ್ನು ಓದಿ ಅರ್ಥ ಮಾಡಿಕೊಂಡವರು ಕೆಲವರೇ. ನಕ್ಷೆಗಳನ್ನು ಕಂಡು ನಂಬಿದವರು ಅಸಂಖ್ಯಾತರು. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಗ್ರಂಥವನ್ನು ಪರೀಕ್ಷಿಸಿ, ಅದು ೧೯೦೪ಕ್ಕಿಂತ ಹಿಂದಿನದಲ್ಲವೆಂದೂ, ಅಲ್ಲಿಯ ವಿಮಾನಗಳು ಹಾರಲಾರವೆಂದೂ ನಿರ್ಣಯಿಸಿದರು. ನಿರ್ಣಯವು ಬಂದು ಅರ್ಧ ಶತಮಾನವಾದರೂ ಆ ಚಿತ್ರಗಳ ಸಂಚಾರವು ನಿಂತಿಲ್ಲ. ಕಥೆಯೆಂದು ಒಪ್ಪಿಕೊಂಡಿದ್ದರೆ ಅದು ಸೊಗಸಾದ ಕಲ್ಪನೆಯೇ ಆಗುತ್ತಿತ್ತು. ಶಾಸ್ತ್ರವೆಂದು ಹೇಳಿಕೊಂಡುದರಿಂದ ಪೇಚಿಗೆ ಸಿಕ್ಕಿತು.

ಕನ್ನಡದಲ್ಲಿ ವಿಜ್ಞಾನವನ್ನು ಬೆನ್ನಿಗಿಟ್ಟುಕೊಂಡು ಬಂದ ಕಾದಂಬರಿಗಳ ಪೈಕಿ ಎಲ್ಲರೂ ಮೊದಲು ನೆನೆಯುವುದು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ'. ೧೯೮೦ರಲ್ಲಿ ಪ್ರಕಟವಾದ ಅದರಲ್ಲಿ ಆಕಾಶನೌಕೆಯಿಲ್ಲ, ಅನ್ಯಗ್ರಹದವರಿಲ್ಲ. ಮಲೆನಾಡಿನ ಒಬ್ಬ ಕೃಷಿಕ, ಕರ್ವಾಲೊ ಎಂಬ ವಿಜ್ಞಾನಿ, ಲೋಕದ ಕಣ್ಣಿಗೆ ದಡ್ಡನಾಗಿ ಕಾಣುವ ಮಂದಣ್ಣ, ಇನ್ನೂ ಕೆಲವರು, ಜತೆಗೊಂದು ನಾಯಿ. ಇವರೆಲ್ಲ ಕೂಡಿ ಕಾಡಿನಲ್ಲಿ ಹುಡುಕುವುದು, ಲಕ್ಷಾಂತರ ವರ್ಷಗಳ ಹಿಂದೆಯೇ ಅಳಿದುಹೋಯಿತೆಂದು ಎಣಿಸಿದ್ದ ಒಂದು ಹಾರುವ ಓತಿಯನ್ನು. ಕಡೆಗೆ ಅದು ಕಾಣಸಿಗುತ್ತದೆ. ಕೈಗೆ ಸಿಗದೆ ಪ್ರಪಾತದ ಮೇಲೆ ತೇಲಿ ಹೋಗಿಬಿಡುತ್ತದೆ. ಇಡೀ ಕಾದಂಬರಿಯ ಸ್ವಾರಸ್ಯವು ಆ ಪ್ರಾಣಿಯು ಪುಟದಿಂದ ಪುಟಕ್ಕೆ ಮರೆಯಲ್ಲಿಯೇ ಉಳಿಯುವುದರಲ್ಲಿದೆ. ಅದನ್ನು ಮೊದಲೇ ಪರದೆಯ ಮೇಲೆ ಹಾರಿಸಿ ತೋರಿಸಿದ್ದರೆ ಮಂದಣ್ಣನ ಮಾತನ್ನು ನಂಬಬೇಕೋ ಬಿಡಬೇಕೋ ಎಂಬ ವಾಚಕನ ತೊಳಲಾಟಕ್ಕೆ ಅವಕಾಶವೆಲ್ಲಿ? ಹೊಸ ಕಾದಂಬರಿಕಾರರಲ್ಲಿ ಡಾ. ಕೆ. ಎನ್. ಗಣೇಶಯ್ಯನವರು 'ಕನಕ ಮುಸುಕು' ಮೊದಲಾದವುಗಳಲ್ಲಿ ಛಾಯಾಚಿತ್ರಗಳನ್ನೂ ಅಡಿಟಿಪ್ಪಣಿಗಳನ್ನೂ ಕಥೆಯೊಳಗೇ ಸೇರಿಸಿ ಬೇರೊಂದು ಕ್ರಮವನ್ನು ಹಿಡಿದರು. ಅಲ್ಲಿ ಚಿತ್ರವು ಹೊಯ್ಸಳ ಶಿಲ್ಪದ ಕೈಯಲ್ಲಿರುವ ತೆನೆಯಂತಹ ವಸ್ತುವಿಗೆ ಸಾಕ್ಷಿಯಾಗಿ ನಿಲ್ಲುವುದರಿಂದ, ಓದುವವನ ಕಲ್ಪನೆಯ ಕೆಲಸವನ್ನು ಅದು ಕಸಿದುಕೊಳ್ಳುವುದಿಲ್ಲ.

ಆಕಾಶಯಾನವನ್ನೇ ವಸ್ತುವಾಗಿ ಆರಿಸಿಕೊಂಡ ಪ್ರಖ್ಯಾತ ಕನ್ನಡ ಕಾದಂಬರಿಯೆಂದರೆ ಡಾ. ಎಸ್. ಎಲ್. ಭೈರಪ್ಪನವರ 'ಯಾನ'. ೨೦೨೫ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಭೈರಪ್ಪನವರ ಹೊಸ ಕೃತಿಯೊಂದು ಬರುತ್ತದೆಯೆಂಬ ವಾರ್ತೆಗೆ ಅವರ ಜೀವಮಾನದಲ್ಲಿ ಬೇರಾವ ಪ್ರರೋಚನೆಯೂ ಬೇಕಿರಲಿಲ್ಲ. ೨೦೦೭ರಲ್ಲಿ 'ಆವರಣ'ದ ಪ್ರತಿಗಳು ಬಿಡುಗಡೆಗೆ ಮೊದಲೇ ಮುಗಿದುಹೋದುದು, ಕೆಲವೇ ತಿಂಗಳುಗಳಲ್ಲಿ ಮುದ್ರಣದ ಮೇಲೆ ಮುದ್ರಣ ಕಂಡುದು ಪ್ರಸಿದ್ಧವಾಗಿದೆ. ಆ ಗ್ರಂಥದ ವಿಷಯದಲ್ಲಿ ಪರ ವಿರೋಧಗಳೆರಡೂ ಜೋರಾಗಿದ್ದವು. ಓದಿ ವಾದಿಸಿದವರೂ ಇದ್ದರು, ಓದದೆಯೇ ವಾದಿಸಿದವರೂ ಇದ್ದರು. ೨೦೧೪ರಲ್ಲಿ 'ಯಾನ'ವು ಬಂದಿತು. ಸೌರಮಂಡಲವನ್ನು ದಾಟಿ ಹಿಂದಿರುಗದಂತೆ ಹೊರಟ ನೌಕೆ. ಅದರೊಳಗೇ ಹುಟ್ಟಿ ಬೆಳೆದು, ಭೂಮಿಯನ್ನೇ ಕಾಣದ ಅಣ್ಣ ತಂಗಿಯರು. ತಮ್ಮ ಹುಟ್ಟಿನ ರಹಸ್ಯವನ್ನು ತಂದೆಯೂ ತಾಯಿಯೂ ಬೇರೆಬೇರೆಯಾಗಿ ಬರೆದಿಟ್ಟ ವೃತ್ತಾಂತಗಳಿಂದ ಅವರು ತಿಳಿಯಬೇಕು. ಮನೆತನ, ಗೃಹಸ್ಥಧರ್ಮ, ಸಂತಾನಗಳನ್ನು ಕುರಿತು ಆಜನ್ಮ ಬರೆದ ಲೇಖಕರು ಈ ಹಳೆಯ ಪ್ರಶ್ನೆಗಳನ್ನೇ ನಕ್ಷತ್ರಗಳ ನಡುವಿನ ಶೂನ್ಯಕ್ಕೆ ಕೊಂಡೊಯ್ದರೆಂದು ಹೇಳಬಹುದು. ನೌಕೆಯ ಯಂತ್ರವಿವರಗಳಿಗಿಂತ ಆ ಗಂಡಹೆಂಡಿರ ನಡುವಣ ಮೌನವೇ ಮನಸ್ಸಿನಲ್ಲಿ ನಿಲ್ಲುತ್ತದೆ. ಅದಕ್ಕೆ ಚಲಚ್ಚಿತ್ರ ಮಾಡಹೊರಟವನು ಒಂದು ನಿಮಿಷದಲ್ಲಿ ಏನನ್ನು ತೋರಿಸಿಯಾನು? ನೌಕೆಯನ್ನು ತೋರಿಸಬಹುದು, ಮೌನವನ್ನು ತೋರಿಸುವುದು ಕಷ್ಟ.

ಇಂತಹ ಕಾದಂಬರಿಗೆ ಈ ನಗರಕ್ಕಿಂತ ಒಳ್ಳೆಯ ವಾಚಕವರ್ಗವು ಬೇರೆ ಕಡೆ ಸಿಕ್ಕುವುದು ದುರ್ಲಭ. ೧೯೭೫ರ ಏಪ್ರಿಲಿನಲ್ಲಿ ಮೇಲೆ ಹೋದ ಆರ್ಯಭಟ ಉಪಗ್ರಹವನ್ನು ಕಟ್ಟಿದುದು ಇದೇ ಊರಿನ ಪೀಣ್ಯದ ಶೆಡ್ಡುಗಳಲ್ಲಿ. ಆ ಸಂಸ್ಥೆಯ ಹೆಸರನ್ನೇ ಹೊತ್ತ ಇಸ್ರೋ ಲೇಔಟು ಬನಶಂಕರಿಯ ಆಚೆಗಿದೆ. ೧೯೪೮ರಲ್ಲಿ ಶಂಕುಸ್ಥಾಪನೆಯಾದ ಜಯನಗರದಲ್ಲಿಯೂ ಅದಕ್ಕೆ ಹಿರಿಯದಾದ ಬಸವನಗುಡಿಯಲ್ಲಿಯೂ ವಿಜ್ಞಾನದ ಮಾತಿಗೆ ಜನ ಕೂಡುವ ಸಂಪ್ರದಾಯವುಂಟು. ೧೯೬೨ರಲ್ಲಿ ಡಾ. ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ ಸ್ಥಾಪಿಸಿದ ಬೆಂಗಳೂರು ಸೈನ್ಸ್ ಫೋರಂ ವಾರವಾರವೂ ಉಪನ್ಯಾಸಗಳನ್ನು ನಡೆಸಿದೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಕಟ್ಟಡವಿರುವುದು ಬನಶಂಕರಿಯ ಎರಡನೆಯ ಹಂತದಲ್ಲಿ. ಅದರ 'ಬಾಲವಿಜ್ಞಾನ'ವನ್ನು ಓದಿ ಬೆಳೆದವರು ಈಗ ಮಕ್ಕಳ ತಂದೆತಾಯಿಗಳಾಗಿದ್ದಾರೆ. ಗಾಂಧಿಬಜಾರಿನ ಅಂಕಿತ ಪುಸ್ತಕದಂತಹ ಅಂಗಡಿಗಳು ಹತ್ತಿರದಲ್ಲಿಯೇ ಇವೆ. ಗಾಳಿಯಿಲ್ಲದ ಕಡೆ ಸದ್ದೇಕೆಂದು ಟ್ರೇಲರನ್ನು ಕೇಳುವ ಹುಡುಗನು ಇಂತಹ ಮಣ್ಣಿನಲ್ಲಿ ಬೆಳೆದವನು. ಅವನ ಆಕ್ಷೇಪವು ಉದ್ಧಟತನವಲ್ಲ, ವಿದ್ಯೆ. ಕೊರಗಬೇಕಾದ ಸಂಗತಿಯೆಂದರೆ, ಆ ವಿದ್ಯೆಯನ್ನು ಅವನು ಕಾದಂಬರಿಯ ಮೇಲೆ ಪ್ರಯೋಗಿಸದೆ, ಯಾರೋ ತರಾತುರಿಯಲ್ಲಿ ಮಾಡಿಕೊಟ್ಟ ಚಿತ್ರದ ಮೇಲೆ ವ್ಯಯಮಾಡುವಂತಾಗಿದೆ.

ಇಲ್ಲಿ ದ್ರವ್ಯದ ಲೆಕ್ಕವೊಂದನ್ನು ಕಾಣಬೇಕು. ಅಕ್ಷರದಲ್ಲಿ ಆಕಾಶನೌಕೆಗೆ ವೆಚ್ಚವಿಲ್ಲ. ನ್ಯೂಯಾರ್ಕಿನ ಕಾದಂಬರಿಕಾರನ ನೌಕೆಗೂ ಬನಶಂಕರಿಯ ಕಾದಂಬರಿಕಾರನ ನೌಕೆಗೂ ತಗಲುವುದು ಅದೇ ಕಾಗದ, ಅದೇ ಮಸಿ. ಮುಂದಿನದೆಲ್ಲ ಬುದ್ಧಿಯ ಮಾತು. ಅದರಲ್ಲಿ ಕನ್ನಡಿಗನು ಯಾರಿಗೂ ಸಾಲಗಾರನಲ್ಲ. ಚಲಚ್ಚಿತ್ರದಲ್ಲಿ ಹಾಗಲ್ಲ. ಅಲ್ಲಿ ಒಂದೊಂದು ಕ್ಷಣಕ್ಕೂ ಬೆಲೆಯುಂಟು. ನೂರಾರು ಕೋಟಿ ಸುರಿದು ಮಾಡಿದ ಹಾಲಿವುಡ್ಡಿನ ನೌಕೆಯನ್ನು ಕಂಡ ಕಣ್ಣೇ, ಕನ್ನಡದ ಪ್ರಕಾಶಕನು ಕೆಲವು ಸಾವಿರಗಳಲ್ಲಿ ಮಾಡಿಸಿದ ನೌಕೆಯನ್ನೂ ನೋಡಬೇಕು. ಯಂತ್ರವೇ ಕ್ಷಣಮಾತ್ರದಲ್ಲಿ ಚಿತ್ರ ಬರೆದುಕೊಡುವ ಈ ದಿನಗಳಲ್ಲಿ ವೆಚ್ಚವು ಇಳಿದಿರಬಹುದು. ಆದರೆ ಅಂತಹ ಚಿತ್ರಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ತೋರುವುದರಿಂದ ನಕಲೆಂಬ ದೂರು ಹೆಚ್ಚಿದೆಯೇ ಹೊರತು ತಗ್ಗಿಲ್ಲ. ಸಮಾನವಾಗಿ ಸೆಣಸಬಲ್ಲ ಅಂಗಳವನ್ನು ಬಿಟ್ಟು, ಸೋಲು ಮೊದಲೇ ಗೊತ್ತಾಗಿರುವ ಅಂಗಳದಲ್ಲಿ ತನ್ನ ಕಾದಂಬರಿಯನ್ನು ಇಳಿಸುವ ಪ್ರಕಾಶಕನ ಧೈರ್ಯವನ್ನು ಮೆಚ್ಚಬೇಕೋ ಮರುಗಬೇಕೋ ತಿಳಿಯದು. ಹೋಲಿಕೆಯಲ್ಲಿ ಸೋತದ್ದು ಚಿತ್ರ. ಅಂಗಡಿಯಲ್ಲಿ ಉಳಿದುಹೋಗುವುದು ಪುಸ್ತಕ.

ಪ್ರಚಾರವೇ ಬೇಡವೆಂದು ಇದರಿಂದ ಸಿದ್ಧವಾಗುವುದಿಲ್ಲ. ಬೆಳ್ಳಾವೆಯವರ ಪತ್ರಿಕೆಯ ಗತಿಯನ್ನು ಮೇಲೆ ನೋಡಿದ್ದಾಯಿತು. ಧ್ವನಿಯಿಂದಲೇ ಎಷ್ಟು ಕೆಲಸವಾಗುವುದೆಂಬುದಕ್ಕೆ ೧೯೩೮ರ ಅಕ್ಟೋಬರ್ ೩೦ರ ರಾತ್ರಿ ಅಮೆರಿಕದ ಆರ್ಸನ್ ವೆಲ್ಸನು ಎಚ್. ಜಿ. ವೆಲ್ಸರ ಮಂಗಳಗ್ರಹದವರ ಕಥೆಯನ್ನು ರೇಡಿಯೋದಲ್ಲಿ ಸುದ್ದಿಯ ರೀತಿಯಲ್ಲಿ ಆಡಿದುದೇ ಸಾಕ್ಷಿ. ಕೇಳಿದವರಲ್ಲಿ ಕೆಲವರು ನಿಜವೆಂದೇ ಬೆದರಿದರು. ಮರುದಿನದ ಪತ್ರಿಕೆಗಳು ಆ ಗಾಬರಿಯನ್ನು ಇದ್ದುದಕ್ಕಿಂತ ದೊಡ್ಡದು ಮಾಡಿ ಬರೆದವೆಂದು ಈಚಿನ ಚರಿತ್ರಕಾರರು ಹೇಳುವರಾದರೂ, ಒಂದು ಚಿತ್ರವನ್ನೂ ತೋರಿಸದೆ ಅಷ್ಟು ಜನರ ಮನಸ್ಸಿನಲ್ಲಿ ಮಂಗಳದ ಯಂತ್ರಗಳನ್ನು ನಡೆದಾಡಿಸಿದುದು ಸುಳ್ಳಲ್ಲ. ಕೇಳಿದವರೊಬ್ಬೊಬ್ಬರೂ ತಮ್ಮ ತಮ್ಮ ಭಯಕ್ಕೆ ತಕ್ಕ ಯಂತ್ರವನ್ನು ತಾವೇ ಕಟ್ಟಿಕೊಂಡರು.

ಗಮಕವನ್ನು ಕೇಳಿ ಬೆಳೆದ ನಾಡಿಗೆ ಇದು ಹೊಸ ಪಾಠವೇನೂ ಅಲ್ಲ. ಕೆಲವು ಲೇಖಕರು ಈಚೆಗೆ ವಿಶೇಷ ಸಜ್ಜೇನೂ ಇಲ್ಲದೆ ಮೊಬೈಲಿನ ಮುಂದೆ ಕುಳಿತು ತಮ್ಮ ಹೊಸ ಗ್ರಂಥದ ಒಂದು ಪುಟವನ್ನು ತಾವೇ ಓದಿ ಬಿಡುವುದುಂಟು. ೨೦೨೦ರಿಂದ ಬೆಂಗಳೂರಿನ ಮೈಲ್ಯಾಂಗ್ ಸಂಸ್ಥೆಯವರು ಕನ್ನಡ ಪುಸ್ತಕಗಳನ್ನು ಮೊಬೈಲಿನಲ್ಲಿ ಓದುವುದಕ್ಕೂ ಕೇಳುವುದಕ್ಕೂ ಒದಗಿಸುತ್ತಿದ್ದಾರೆ. ಹೀಗೆ ಓದಿದ ಪುಟದಲ್ಲಿ ನೌಕೆಯು ಬಂದರೆ, ಅದರ ಆಕಾರವನ್ನು ಕೇಳುವವನೇ ಕಲ್ಪಿಸಿಕೊಳ್ಳಬೇಕು. ಇನ್ನಾವ ಸಿನಿಮಾದ ನೌಕೆಯೊಡನೆಯೂ ಅದನ್ನು ಹೋಲಿಸಲಾಗುವುದಿಲ್ಲ. ಕೇಳಿದವರು ಕೇಳುವ ಪ್ರಶ್ನೆಗಳೂ ಆಗ ಬೇರೆಯಾಗುತ್ತವೆ: ಆಮೇಲೆ ಏನಾಯಿತು, ಪುಸ್ತಕವು ಎಂದು ಬರುತ್ತದೆ, ಗಾಂಧಿಬಜಾರಿನಲ್ಲಿ ದೊರೆಯುವುದೇ, ಬೆಲೆ ಎಷ್ಟು.